ಇಸಿ ಕ್ಲೀನ್ ಇದೆ, ಖಾತೆ ಇದೆ. ಮನೆ ಕೊಳ್ಳಲು ಇಷ್ಟು ಸಾಕೇ?

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ 30×40ರ ಸೈಟಿನಲ್ಲಿರುವ ಹಳೆಯ ಮನೆಯೊಂದನ್ನು 72 ಲಕ್ಷ ರೂಪಾಯಿಗೆ ಕೊಳ್ಳಲು ಮಾತಾಗಿದೆ. 2 ಲಕ್ಷ ಟೋಕನ್ ಕೊಟ್ಟಿದ್ದೇನೆ. ಮಾರುತ್ತಿರುವವರ ತಂದೆ 1991ರಲ್ಲಿ ಖಾಸಗಿ ಬಡಾವಣೆಯೊಂದರಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ್ದರು. ಅವರು 2016ರಲ್ಲಿ ತೀರಿಕೊಂಡರು. ಖಾತೆ ಈಗ ಅವರ ಹೆಂಡತಿ ಮತ್ತು ಹಿರಿಯ ಮಗನ ಹೆಸರಿನಲ್ಲಿದೆ. ಕಿರಿಯ ಮಗ ಅಮೆರಿಕದಲ್ಲಿದ್ದಾರೆ, ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿದೆ. 2004ರಿಂದ ಈಚಿನ ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ, ಇ-ಖಾತಾ ಆಗಿದೆ, ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ. 1991ರ ಮೂಲ ಕ್ರಯಪತ್ರ ಮಾತ್ರ ಕಳೆದುಹೋಗಿದೆಯಂತೆ. ಕೆಳಗಿನ ಭಾಗದಲ್ಲಿ ಭೋಗ್ಯಕ್ಕೆ ಒಂದು ಕುಟುಂಬ ಇದೆ. ಈ ತಿಂಗಳೊಳಗೆ ಇನ್ನೂ 10 ಲಕ್ಷ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳಿ, ಬೇಕಿದ್ದರೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೂಡ ಮಾಡಿಸಿಕೊಡುತ್ತೇವೆ, ಹೆಣ್ಣುಮಕ್ಕಳ ಸಹಿ ಆಮೇಲೆ ನೋಡೋಣ ಎನ್ನುತ್ತಿದ್ದಾರೆ ಬ್ರೋಕರ್. ಮುಂದುವರಿಯಬಹುದೇ?

ಉತ್ತರ: ವ್ಯವಹಾರ ಬಿಡಬೇಕಿಲ್ಲ, ಆದರೆ ಈ ತಿಂಗಳು ಆ 10 ಲಕ್ಷ ಕೊಡಬೇಡಿ. ಬ್ರೋಕರ್ "ಆಮೇಲೆ ನೋಡೋಣ" ಎಂದದ್ದೇ ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಮಾತು. ಅದು ಆಮೇಲೆ ನೋಡುವ ವಿಷಯವಲ್ಲ, ಮೊದಲು ನೋಡಬೇಕಾದದ್ದು.

ನಿಮಗೆ ಧೈರ್ಯ ಕೊಟ್ಟಿರುವ ಮೂರು ಸಂಗತಿಗಳನ್ನು ಒಂದೊಂದಾಗಿ ನೋಡಿ. ಖಾತೆ ಎನ್ನುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂದು ಪಾಲಿಕೆಯೋ ಪಂಚಾಯಿತಿಯೋ ಇಟ್ಟುಕೊಂಡ ಲೆಕ್ಕ. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಹೆಸರು ಇಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ. ನ್ಯಾಯಾಲಯಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಇಸಿ ಎಂದರೆ ಆ ಸ್ವತ್ತಿನ ಬಗ್ಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಏನೇನು ನೋಂದಣಿಯಾಗಿದೆ ಎಂಬ ಪಟ್ಟಿ, ಅಷ್ಟೇ. ಇನ್ನು ಬ್ಯಾಂಕಿನ ವಕೀಲರು ಕೊಡುವ ಅಭಿಪ್ರಾಯ ಬ್ಯಾಂಕಿಗಾಗಿ ಬರೆದದ್ದು. ಮುಂದೆ ತಕರಾರು ಬಂದರೂ ಕಂತು ಕಟ್ಟುವವರು ನೀವೇ. ಬ್ಯಾಂಕಿಗೆ ನಿಮ್ಮ ಸಂಬಳವೂ ಭದ್ರತೆ, ಜಾಮೀನುದಾರರೂ ಭದ್ರತೆ. ನಿಮಗೆ ಇರುವುದು ಆ ಮನೆಯೊಂದೇ.

ನೋಂದಣಿ ಕಚೇರಿಯಲ್ಲೇ ಎಲ್ಲ ಪರಿಶೀಲಿಸುತ್ತಾರಲ್ಲ ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ. ಮಾರುವವರಿಗೆ ಮಾಲೀಕತ್ವ ಇದೆಯೇ ಎಂದು ವಿಚಾರಿಸುವುದು 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಪತ್ರ ಬರೆದುಕೊಟ್ಟವರು ಇವರೇ ಎಂಬುದನ್ನೂ, ಶುಲ್ಕ ಸರಿಯಾಗಿ ಕಟ್ಟಿದ್ದಾರೆಯೇ ಎಂಬುದನ್ನೂ ಅವರು ನೋಡುತ್ತಾರೆ. ಹಕ್ಕೇ ಇಲ್ಲದವರು ಮಾರಿದರೆ, ನೋಂದಣಿಯಾದ ಪತ್ರದಿಂದಲೂ ನಿಮಗೆ ಏನೂ ಬರುವುದಿಲ್ಲ.

ಆದ್ದರಿಂದ ಮೊದಲು ಕಾಗದ ಬಿಟ್ಟು ಜನರನ್ನು ಎಣಿಸೋಣ. ನನ್ನ ವೃತ್ತಿಯಲ್ಲಿ ನೋಡಿದ ಬಹುಪಾಲು ತಕರಾರುಗಳು ಬಂದದ್ದು ಖೋಟಾ ಪತ್ರದಿಂದಲ್ಲ, ಪತ್ರದಲ್ಲಿ ಹೆಸರೇ ಇಲ್ಲದ ಒಬ್ಬ ಅಕ್ಕನಿಂದಲೋ ಅತ್ತೆಯಿಂದಲೋ.

ಸೈಟು ತಂದೆಯ ಸ್ವಂತ ದುಡಿಮೆಯದು, ಅವರು ಉಯಿಲು ಬರೆಯದೆ ಹೋದರು, ಕುಟುಂಬ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟದ್ದು ಎಂದು ಇಟ್ಟುಕೊಂಡು ಹೇಳುತ್ತೇನೆ. 1956ರಿಂದಲೂ ಆ ಕಾಯ್ದೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ದರ್ಜೆಯ ವಾರಸುದಾರರು, ಎಲ್ಲರಿಗೂ ಸಮಪಾಲು. ಮದುವೆಯಾಗಿರುವುದು, ಮದುವೆಯಲ್ಲಿ ಚಿನ್ನ ಕೊಟ್ಟಿರುವುದು, "ಅವರಿಗೆ ಏನೂ ಬೇಡವಂತೆ" ಎಂಬ ಮಾತು, ಇದಾವುದೂ ಅವರ ಪಾಲನ್ನು ಅಳಿಸುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕವೇ ಬಿಡಬೇಕು. ಖಾತೆ ಬದಲಾಯಿಸುವಾಗ 20 ರೂಪಾಯಿ ಬಾಂಡಿನ ಮೇಲೆ ಬರೆದುಕೊಟ್ಟ ಒಪ್ಪಿಗೆ ಆ ಕೆಲಸ ಮಾಡದು.

ಈಗ ನೀವು ಬರೆಯದೇ ಬಿಟ್ಟ ಒಂದು ಪ್ರಶ್ನೆ. 2016ರಲ್ಲಿ ಆ ತಂದೆ ತೀರಿಕೊಂಡಾಗ ಅವರ ತಾಯಿ, ಅಂದರೆ ಈ ಮಕ್ಕಳ ಅಜ್ಜಿ, ಬದುಕಿದ್ದರೇ? ತೀರಿಕೊಂಡವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳೇ. ಇದನ್ನು ಎಷ್ಟೋ ಸಲ ವಕೀಲರೂ ಮರೆಯುತ್ತಾರೆ. ಅಜ್ಜಿ ಆಗ ಇದ್ದರೆ ಮನೆಗೆ ಪಾಲುದಾರರು ಐವರಲ್ಲ, ಆರು ಜನ: ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಅಜ್ಜಿ. ತಲಾ ಆರನೇ ಒಂದು. ಆಮೇಲೆ ಅಜ್ಜಿಯೂ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಆರನೇ ಒಂದು ಪಾಲು ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಅವರಿಗೆ ಇನ್ನೊಬ್ಬ ಮಗ, ಒಬ್ಬ ಮಗಳು ಇದ್ದಾರೆ ಎನ್ನಿ, ಗಂಡ ಮೊದಲೇ ಹೋಗಿದ್ದಾರೆ. ಆಗ ಆ ಚಿಕ್ಕಪ್ಪನಿಗೆ ಹದಿನೆಂಟನೇ ಒಂದು, ಆ ಸೋದರತ್ತೆಗೆ ಹದಿನೆಂಟನೇ ಒಂದು, ಉಳಿದ ಹದಿನೆಂಟನೇ ಒಂದು ಈ ನಾಲ್ಕು ಮಕ್ಕಳಿಗೆ. ನಿಮ್ಮ 72 ಲಕ್ಷದಲ್ಲಿ ಹದಿನೆಂಟನೇ ಒಂದು ಎಂದರೆ 4 ಲಕ್ಷ. ತನ್ನ ಅಣ್ಣ ಕಟ್ಟಿಸಿದ ಮನೆಯಲ್ಲಿ ತನಗೆ 4 ಲಕ್ಷದ ಪಾಲಿದೆ ಎಂಬುದು ಆ ಸೋದರತ್ತೆಗೂ ಗೊತ್ತಿರಲಿಕ್ಕಿಲ್ಲ, ಯಾರಾದರೂ ಹೇಳುವವರೆಗೆ. ಹೇಳುವವರು ಸಿಕ್ಕೇ ಸಿಗುತ್ತಾರೆ, ಅದೂ ನೀವು ಮನೆ ಒಡೆದು ಹೊಸದು ಕಟ್ಟಲು ಶುರು ಮಾಡಿದ ಮೇಲೆ.

ಪಾಲುದಾರರಲ್ಲಿ ಕೆಲವರಷ್ಟೇ ಮಾರಿದರೆ ಕ್ರಯಪತ್ರ ಪೂರ್ತಿ ಬಿದ್ದುಹೋಗದು, ಅವರವರ ಪಾಲಿನ ಮಟ್ಟಿಗೆ ನಿಲ್ಲುತ್ತದೆ. ಆದರೆ ಅದು ಸಮಾಧಾನವಲ್ಲ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಆ ಕುಟುಂಬದೊಂದಿಗೆ ಜಂಟಿ ಸ್ವಾಧೀನ ಕೇಳುವ ಹಕ್ಕಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಹೇಳುತ್ತದೆ. ಪಾಲು ವಿಭಾಗದ ದಾವೆ ಹೂಡಿ ಕಾಯಬೇಕು. ಕೆಳ ನ್ಯಾಯಾಲಯ, ಮೇಲ್ಮನವಿ, ಎರಡನೇ ಮೇಲ್ಮನವಿ ಎಂದು ಹತ್ತಾರು ವರ್ಷ ಅಲೆದವರನ್ನು ಕಂಡಿದ್ದೇನೆ.

ಮೊಮ್ಮಕ್ಕಳ ಸಹಿಯೂ ಬೇಕೇ ಎಂದು ನೀವು ಮುಂದೆ ಕೇಳಬಹುದು. ತಂದೆಯ ಸ್ವಯಾರ್ಜಿತವಾಗಿದ್ದರೆ ಬೇಡ, ಅದು ಮಕ್ಕಳಿಗೆ ಅವರವರ ಪ್ರತ್ಯೇಕ ಆಸ್ತಿಯಾಗಿ ಬರುತ್ತದೆ. ಆದರೆ ಸ್ವಯಾರ್ಜಿತ ಎಂದು ಬಾಯಲ್ಲಿ ಹೇಳಿದರೆ ಸಾಲದು. 1991ರ ಪತ್ರದ ನಕಲು ತರಿಸಿ, ಹಣ ಎಲ್ಲಿಂದ ಬಂತು ಎಂದು ಬರೆದಿದೆಯೇ ನೋಡಿ. ಊರಿನ ಪಿತ್ರಾರ್ಜಿತ ಜಮೀನು ಮಾರಿ ಆ ದುಡ್ಡಿನಲ್ಲಿ ಸೈಟು ಕೊಂಡಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ಒಟ್ಟು ಕುಟುಂಬದ ಆಸ್ತಿ ಎಂಬ ವಾದ ಬರುತ್ತದೆ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ 2005ರ ತಿದ್ದುಪಡಿಯೂ, ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪೂ ಮುಂದೆ ಬರುತ್ತವೆ. ಮೊಮ್ಮಕ್ಕಳೂ ಪಾಲುದಾರರಾಗಬಹುದು. ಅವರಲ್ಲಿ ಅಪ್ರಾಪ್ತರಿದ್ದರೆ ಅದು ಇನ್ನೊಂದು ತೊಡಕು.

ಹಾಗಾದರೆ ಏನು ಮಾಡಬೇಕು? ತಹಶೀಲ್ದಾರ್ ಕಚೇರಿಯ ವಂಶವೃಕ್ಷ ಕೇಳಿ. ಅದು ಮಕ್ಕಳಿಂದ ಶುರುವಾಗದೆ ಅಜ್ಜ ಅಜ್ಜಿಯಿಂದ ಶುರುವಾಗಲಿ. ತೀರಿಕೊಂಡ ಪ್ರತಿಯೊಬ್ಬರ ಮರಣ ಪ್ರಮಾಣಪತ್ರ ನೋಡಿ, ದಿನಾಂಕಗಳನ್ನು ಹೋಲಿಸಿ. ತಂದೆಯಾಗಲಿ ಅಜ್ಜಿಯಾಗಲಿ ಉಯಿಲು ಬರೆದಿದ್ದರೇ ಎಂದು ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಏಕೆಂದರೆ ಉಯಿಲು ನೋಂದಣಿಯಾಗಲೇಬೇಕೆಂದಿಲ್ಲ, ಯಾರ ಬೀರುವಿನಲ್ಲಾದರೂ ಇರಬಹುದು. ಪಾಲುದಾರರೆಂದು ಕಂಡವರೆಲ್ಲ ನಿಮ್ಮ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸಹಿ ಹಾಕಲಿ. ಇಲ್ಲಿ ಒಂದು ಎಚ್ಚರಿಕೆ. "ಅಕ್ಕನನ್ನು ಸಾಕ್ಷಿಯಾಗಿ ಹಾಕಿಸೋಣ" ಎನ್ನುವ ಪತ್ರ ಬರಹಗಾರರು ಇನ್ನೂ ಇದ್ದಾರೆ. ಸಾಕ್ಷಿಯ ಸಹಿ, ಪತ್ರಕ್ಕೆ ಸಹಿ ಬಿದ್ದದ್ದನ್ನು ಕಂಡೆ ಎನ್ನುತ್ತದೆಯೇ ಹೊರತು ನನ್ನ ಹಕ್ಕು ಬಿಟ್ಟುಕೊಟ್ಟೆ ಎನ್ನುವುದಿಲ್ಲ. ಹಣವೂ ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಹಿರಿಯ ಮಗನ ಖಾತೆಗೆ ಎಲ್ಲವನ್ನೂ ಹಾಕಿದರೆ, ನನಗೆ ಒಂದು ರೂಪಾಯಿ ಬರಲಿಲ್ಲ ಎಂದು ನಾಳೆ ತಂಗಿ ಹೇಳುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಅಮೆರಿಕದಲ್ಲಿರುವ ಮಗ ಬರಲಾಗದಿದ್ದರೆ ಅಧಿಕಾರ ಪತ್ರ ಕೊಡಬಹುದು. ಅದು ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲ್ ಮುಂದೆ ಆಗಿರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪತ್ರದಲ್ಲಿ ಈ ಸ್ವತ್ತಿನ ವಿವರ ಮತ್ತು ಮಾರುವ, ಹಣ ಪಡೆಯುವ ಅಧಿಕಾರ ಸ್ಪಷ್ಟವಾಗಿರಲಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರ ಪತ್ರವೂ ಅಲ್ಲಿಗೆ ಮುಗಿಯುತ್ತದೆ, ಆದ್ದರಿಂದ ನೋಂದಣಿಯ ದಿನ ಬೆಳಿಗ್ಗೆ ಅವರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿ. ತೆರಿಗೆಯ ವಿಷಯವೂ ಇದೆ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರದಲ್ಲಿ ಇಲ್ಲಿನ ನಿವಾಸಿ ಮಾರಾಟಗಾರರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ನೀವು ಕಟ್ಟಬೇಕು. ಅನಿವಾಸಿ ಮಗನ ಪಾಲಿಗೆ ಈ ಶೇ 1 ಅನ್ವಯಿಸುವುದಿಲ್ಲ, ಅವರಿಗೆ ದರ ಬಹಳ ಹೆಚ್ಚು. ಹಿಡಿಯದಿದ್ದರೆ ಇಲಾಖೆ ನಿಮ್ಮನ್ನೇ ಕೇಳುತ್ತದೆ. ಅವರು ಮೊದಲೇ ಅರ್ಜಿ ಹಾಕಿ ಕಡಿಮೆ ದರದ ಪ್ರಮಾಣಪತ್ರ ತರಿಸಿಕೊಳ್ಳಬಹುದು. ಒಬ್ಬ ಲೆಕ್ಕಪರಿಶೋಧಕರನ್ನು ಕೇಳದೆ ಈ ಹೆಜ್ಜೆ ಇಡಬೇಡಿ.

ಬ್ರೋಕರ್ ಹೇಳಿದ ಇನ್ನೊಂದು ಜಿಪಿಎ, ಅಂದರೆ ಹಣ ಪೂರ್ತಿ ಕೊಟ್ಟು ಕ್ರಯಪತ್ರದ ಬದಲು ನಿಮ್ಮ ಹೆಸರಿಗೆ ಜಿಪಿಎ ಮಾಡಿಸಿಕೊಳ್ಳುವ ದಾರಿ, ಅದನ್ನು ಮರೆತುಬಿಡಿ. ಅದರಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ಈಗ ಮೂಲ ಪತ್ರಕ್ಕೆ ಬರೋಣ. ಮೂಲ ಪತ್ರ ಕಳೆದುಹೋಗುವುದು ಅಸಾಧ್ಯವೇನಲ್ಲ. ಆದರೆ ಅದನ್ನು ಯಾರ ಹತ್ತಿರವೋ ಇಟ್ಟು ಸಾಲ ತೆಗೆದಿರುವುದೂ ಅಷ್ಟೇ ಸಾಧ್ಯ. ಹಕ್ಕುಪತ್ರ ಅಡವಿಟ್ಟು ಸಾಲ ಪಡೆಯುವುದಕ್ಕೆ ಕಾನೂನಿನ ಮಾನ್ಯತೆಯಿದೆ. ಆ ಅಡಮಾನ ನೋಂದಣಿಯಾಗದಿದ್ದರೆ ಇಸಿಯಲ್ಲಿ ಕಾಣದು. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಅಡಮಾನಗಳನ್ನು ದಾಖಲಿಸುವ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ತಂದೆ, ತಾಯಿ, ಹಿರಿಯ ಮಗ ಮೂವರ ಹೆಸರಿನಲ್ಲೂ ಹುಡುಕಿಸಿ. ಖಾಸಗಿ ಲೇವಾದೇವಿಯವರ ಬಳಿ ಇದ್ದರೆ ಅಲ್ಲೂ ಕಾಣದು. ಅದಕ್ಕಾಗಿಯೇ ಪೊಲೀಸ್ ಠಾಣೆಗೆ ದೂರು, ಅವರಿಂದ ಹಿಂಬರಹ (ಲಿಖಿತ ಉತ್ತರ), ಜನ ಓದುವ ಕನ್ನಡ ಪತ್ರಿಕೆಯಲ್ಲಿ ಸ್ವತ್ತಿನ ಚಕ್ಕುಬಂದಿ (ಸುತ್ತಲಿನ ಗಡಿಗಳ ವಿವರ) ಸಮೇತ ಸಾರ್ವಜನಿಕ ಪ್ರಕಟಣೆ, ಎಲ್ಲವನ್ನೂ ಮಾರುವವರು ಮಾಡಿಕೊಡಬೇಕು. ಪ್ರಕಟಣೆ ಕೊಟ್ಟ ಮಾತ್ರಕ್ಕೆ ಯಾರ ಹಕ್ಕೂ ಹೋಗುವುದಿಲ್ಲ, ನಿಜ. ಆದರೆ ಪತ್ರ ಇಟ್ಟುಕೊಂಡವರು ಬಾಯಿ ಬಿಡುವುದು ಹೆಚ್ಚಾಗಿ ಆಗಲೇ.

ಇಸಿ 2004ರಿಂದ ಸಾಲದು. ಗಣಕೀಕರಣ ಆದ ಮೇಲಿನದು ಸುಲಭವಾಗಿ ಸಿಗುತ್ತದೆ ಎಂದು ಅಷ್ಟಕ್ಕೇ ನಿಲ್ಲಿಸುತ್ತಾರೆ. 1991ಕ್ಕೂ ಹಿಂದಕ್ಕೆ ಹೋಗಿ, ಕೈಬರಹದ ಇಸಿ ತೆಗೆಸಿ. ಹೊರವಲಯದ ಸೈಟುಗಳಲ್ಲಿ ಇನ್ನೊಂದು ತೊಂದರೆ ಇದೆ: ಅಂದು ಸರ್ವೆ ನಂಬರ್ ಮತ್ತು ಸೈಟ್ ನಂಬರ್, ಆಮೇಲೆ ಪಂಚಾಯಿತಿಯ ಖಾತೆ ನಂಬರ್, ನಗರಕ್ಕೆ ಸೇರಿದ ಮೇಲೆ ಮತ್ತೊಂದು ನಂಬರ್. ಒಂದೇ ನಂಬರಿನಲ್ಲಿ ಹುಡುಕಿದರೆ ಉಳಿದ ನಂಬರಿನಲ್ಲಿ ನೋಂದಣಿಯಾದ ಪತ್ರ ತಪ್ಪಿಹೋಗಬಹುದು. ಎಲ್ಲ ನಂಬರುಗಳಿಗೂ ಅರ್ಜಿ ಹಾಕಿ. ನ್ಯಾಯಾಲಯದ ದಾವೆಗಳೂ ಇಸಿಯಲ್ಲಿ ಇರುವುದಿಲ್ಲ. ಸ್ವತ್ತಿನ ಹಕ್ಕಿನ ಬಗ್ಗೆ ದಾವೆ ನಡೆಯುತ್ತಿರುವಾಗ ಕೊಂಡವನು, ದಾವೆ ಇರುವುದು ತಿಳಿಯದಿದ್ದರೂ ಅದರ ತೀರ್ಪಿಗೆ ಬದ್ಧ. ಇ-ಕೋರ್ಟ್ಸ್ ಜಾಲತಾಣದಲ್ಲಿ ತುಮಕೂರಿನ ನ್ಯಾಯಾಲಯಗಳನ್ನು ಆರಿಸಿ ಕುಟುಂಬದ ಎಲ್ಲರ ಹೆಸರೂ ಹಾಕಿ ನೋಡಿ. ಇಂಗ್ಲಿಷ್ ಕಾಗುಣಿತ ಎರಡು ಮೂರು ಬಗೆಯಲ್ಲಿ ಬದಲಾಯಿಸಿ ಹುಡುಕಬೇಕು.

ಬಡಾವಣೆಯ ಮೂಲ ಜಮೀನನ್ನು ನೋಡುವವರು ಕಡಿಮೆ. ಆ ಸರ್ವೆ ನಂಬರಿನ ಭೂಪರಿವರ್ತನೆ ಆದೇಶ ಮತ್ತು ಬಡಾವಣೆಯ ಅನುಮೋದಿತ ನಕ್ಷೆ ತರಿಸಿ, ನಿಮ್ಮ ಸೈಟು ನಕ್ಷೆಯಲ್ಲಿ ಸೈಟಾಗಿಯೇ ಇದೆಯೇ, ಪಾರ್ಕಿಗೆ ಬಿಟ್ಟ ಜಾಗವೇ, ಪಕ್ಕದಲ್ಲಿ ಬಿ-ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಅಥವಾ ಹಳ್ಳ ಇದೆಯೇ ನೋಡಿ. ಇದಕ್ಕಿಂತ ದೊಡ್ಡ ಅಪಾಯ, ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ವರ್ಗಾವಣೆ ಅನೂರ್ಜಿತ. ಮಂಜೂರಾದವರ ಕುಟುಂಬಕ್ಕೆ ಜಮೀನು ಮರಳಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ಬಹಳ ತಡವಾಗಿ ಅರ್ಜಿ ಹಾಕಿದರು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಿತ್ತು. ಅದಾದ ಮೇಲೆ 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲವೆಂದಿತು. ಆ ಕಾಯ್ದೆ ಬಂದದ್ದು ನ್ಯಾಯವಾದ ಕಾರಣಕ್ಕೆ, ನೂರಿನ್ನೂರು ರೂಪಾಯಿಗೆ ಬಡವರ ಜಮೀನು ಬರೆಸಿಕೊಂಡ ಕಾಲವನ್ನು ಈ ನಾಡು ಕಂಡಿದೆ. ಕೊಳ್ಳುವವರು ಮಾಡಬೇಕಾದದ್ದು ಇಷ್ಟೇ: ಹಳೆಯ ಕೈಬರಹದ ಪಹಣಿಗಳು, ಮ್ಯುಟೇಷನ್ ಪ್ರತಿಗಳು, ಮಂಜೂರಾತಿ ಇದ್ದರೆ ಅದರ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ತೆಗೆಸಿ ನೋಡುವುದು, ಪಿಟಿಸಿಎಲ್ ಪ್ರಕರಣ ಇಲ್ಲವೆಂದು ಉಪವಿಭಾಗಾಧಿಕಾರಿ ಕಚೇರಿಯಿಂದ ಹಿಂಬರಹ ಪಡೆಯುವುದು.

ಭೋಗ್ಯದವರ ವಿಷಯ. ಯಾರಾದರೂ ಸ್ವಾಧೀನದಲ್ಲಿದ್ದರೆ, ಅವರಿಗೆ ಯಾವ ಹಕ್ಕಿದೆಯೋ ಅದು ಕೊಳ್ಳುವವನಿಗೆ ತಿಳಿದಿದೆ ಎಂದೇ ಕಾನೂನು ಭಾವಿಸುತ್ತದೆ. ನೀವು ಹೋಗಿ ಕೇಳಲಿಲ್ಲ ಎಂಬುದು ನೆಪವಾಗದು. ಒಂದು ಸಂಜೆ ಹೋಗಿ ಅವರ ಜೊತೆ ಕೂತು ಮಾತಾಡಿ: ಭೋಗ್ಯದ ಹಣ ಎಷ್ಟು, ಯಾರ ಕೈಗೆ ಕೊಟ್ಟರು, ಕರಾರು ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ. ಮಾರುವವರು 6 ಲಕ್ಷ ಎಂದದ್ದು ಭೋಗ್ಯದವರ ಬಾಯಲ್ಲಿ 9 ಲಕ್ಷ ಆಗಿದ್ದನ್ನು ಒಂದು ವ್ಯವಹಾರದಲ್ಲಿ ನಾನೇ ಕೇಳಿದ್ದೇನೆ. ಆ ಹಣವನ್ನು ನಿಮ್ಮ ಕ್ರಯದ ಮೊತ್ತದಿಂದ ನೇರವಾಗಿ ಅವರ ಖಾತೆಗೆ ಹಾಕಿ, ಖಾಲಿ ಮಾಡಿಸಿಕೊಂಡು, ಹಣ ಸಂದಾಯವಾದ ರಸೀತಿ ಬರೆಸಿಕೊಂಡ ಮೇಲೆಯೇ ನೋಂದಣಿ ಇಟ್ಟುಕೊಳ್ಳಿ. ಹಾಗೆ ಹೋದಾಗ ಟೇಪು ಹಿಡಿದು ಸೈಟು ಅಳೆದುಬಿಡಿ. ಪತ್ರದಲ್ಲಿ 30×40 ಇದ್ದು ನೆಲದಲ್ಲಿ 28×39 ಇದ್ದರೆ ಈಗಲೇ ತಿಳಿಯಲಿ.

ಇಷ್ಟಾದ ಮೇಲೆ ಅಗ್ರಿಮೆಂಟ್. ಎಲ್ಲ ಪಾಲುದಾರರೂ ಸಹಿ ಮಾಡುವ ಕ್ರಯದ ಕರಾರು ಆಗಲಿ, ಅದನ್ನು ನೋಂದಣಿಯೂ ಮಾಡಿಸಿ. ಕರಾರಿನಿಂದ ಮಾಲೀಕತ್ವ ಬರುವುದಿಲ್ಲ, ಆದರೆ ನೋಂದಣಿಯಾದರೆ ಇಸಿಯಲ್ಲಿ ನಿಮ್ಮ ಹೆಸರು ಕಾಣುತ್ತದೆ, ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಹಕ್ಕಿನಲ್ಲಿ ದೋಷ ಕಂಡರೆ ಕೊಟ್ಟ ಹಣವೆಲ್ಲ ಇಷ್ಟು ದಿನದೊಳಗೆ ವಾಪಸ್ ಎಂಬ ಷರತ್ತು ಇರಲಿ. ಈಗಾಗಲೇ ಕೊಟ್ಟ 2 ಲಕ್ಷವೂ ಅದರಲ್ಲಿ ಸೇರಲಿ. ಅವರು ಕ್ರಯ ಮಾಡಿಕೊಡದೆ ಎಳೆದರೆ, ಕರಾರಿನಲ್ಲಿ ಗೊತ್ತುಮಾಡಿದ ದಿನಾಂಕದಿಂದ ಮೂರು ವರ್ಷದೊಳಗೆ ನೀವು ದಾವೆ ಹೂಡಬೇಕು, ಅಲ್ಲಿಯವರೆಗೂ ಹಣ ಸಿದ್ಧವಿತ್ತು ಎಂದು ತೋರಿಸಬೇಕು.

ಮಾರ್ಗಸೂಚಿ ದರಕ್ಕೆ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ದರ) ಪತ್ರ ಮಾಡಿ ಉಳಿದದ್ದು ನಗದು ಕೊಡಿ ಎಂದು ಖಂಡಿತ ಕೇಳುತ್ತಾರೆ. ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಪಡೆದಷ್ಟೇ ದಂಡ ಬೀಳಬಹುದು ಎಂಬುದು ಅವರಿಗೆ ಗೊತ್ತಿರಲಿ. ನಿಮ್ಮ ಕಷ್ಟ ಬೇರೆ: ನಾಳೆ ಹಕ್ಕು ಬಿದ್ದುಹೋಗಿ ಹಣ ವಾಪಸ್ ಕೇಳುವಾಗ ಪತ್ರದಲ್ಲಿ 40 ಲಕ್ಷ ಎಂದಿದ್ದರೆ, ಉಳಿದ 32 ಲಕ್ಷ ಕೊಟ್ಟದ್ದನ್ನು ಯಾವ ದಾಖಲೆಯಿಂದ ಸಾಬೀತು ಮಾಡುತ್ತೀರಿ?

ಕ್ರಯಪತ್ರದ ಕರಡನ್ನು ಎರಡು ದಿನ ಮೊದಲೇ ಮನೆಗೆ ತರಿಸಿಕೊಂಡು ಷೆಡ್ಯೂಲನ್ನು, ಅಂದರೆ ಸ್ವತ್ತಿನ ವಿವರವಿರುವ ಭಾಗವನ್ನು, ಗಟ್ಟಿಯಾಗಿ ಓದಿ. ನಾಲ್ಕು ದಿಕ್ಕಿನ ಚಕ್ಕುಬಂದಿ, ಅಳತೆ, ಹಳೆಯ ಮತ್ತು ಹೊಸ ನಂಬರುಗಳು 1991ರ ಪತ್ರಕ್ಕೂ ಇ-ಖಾತಾಗೂ ತಾಳೆಯಾಗಬೇಕು. ಇಲ್ಲಿನ ಒಂದು ಅಂಕಿ ತಪ್ಪಿದರೆ ತಿದ್ದುಪಡಿ ಪತ್ರಕ್ಕೆ ಇವರನ್ನೆಲ್ಲ, ಅಮೆರಿಕದವರನ್ನೂ ಸೇರಿಸಿ, ಮತ್ತೆ ಕರೆಸಬೇಕು. ಮುಂದೆ ಯಾರಾದರೂ ಪಾಲು ಕೇಳಿದರೆ ಮಾರಾಟಗಾರರೇ ನಷ್ಟ ತುಂಬಿಕೊಡುವ ಷರತ್ತು ಹಾಕಿಸಿ.

ನೋಂದಣಿಯಾದ ವಾರದೊಳಗೆ ಹೊಸ ಇಸಿ ತೆಗೆದು ನಿಮ್ಮ ಹೆಸರು ಸರಿಯಾಗಿ ಬಂದಿದೆಯೇ ನೋಡಿ, ಖಾತೆ ವರ್ಗಾವಣೆಗೆ ಅರ್ಜಿ ಕೊಡಿ, ಕಂದಾಯದ ರಸೀತಿಗಳನ್ನೂ ಬೆಸ್ಕಾಂ ಮತ್ತು ನೀರಿನ ಬಾಕಿ ಇಲ್ಲವೆಂಬ ಕಾಗದವನ್ನೂ ಕೇಳಿ ಇಟ್ಟುಕೊಳ್ಳಿ. ಅದಕ್ಕೆಲ್ಲ ಮೊದಲು, ಈ ಭಾನುವಾರವೇ, ಆ ತಾಯಿಯನ್ನು ನೇರವಾಗಿ ಕಂಡು ಒಂದೇ ಪ್ರಶ್ನೆ ಕೇಳಿ: "ಅಮ್ಮಾ, ಯಜಮಾನರು ಹೋದಾಗ ನಿಮ್ಮ ಅತ್ತೆಯವರು ಇದ್ದರೇ?" ಅವರು ಕೊಡುವ ಉತ್ತರವನ್ನು ನನಗೆ ಬರೆದು ತಿಳಿಸಿದರೆ ಯಾರ ಯಾರ ಸಹಿ ಬೇಕೆಂಬ ಪಟ್ಟಿಯನ್ನು ಪೂರ್ತಿ ಮಾಡಿಕೊಡುತ್ತೇನೆ.